ಒಡಪಿನ ಅಂಗಡಿ

ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಬಾರದು ಅಂತ ಯಾವ ಪುಣ್ಯಾತ್ಮ ಕಟ್ಟಳೆ ಮಾಡಿದನೋ ಏನೋ, ಹಾಡು ಕಟ್ಟಿಯಾದರೂ ಹೇಳೇ ಹೇಳುತ್ತೇವೆ ಅಂತ ನಮ್ಮ ಕಡೆಯ ಹೆಂಗಸರು ಅವತ್ತೇ ಹಟ ಹಿಡಿದಿರಬೇಕು. ಅದೇ ಒಡಪು. ಎರಡೇ ಸಾಲು. ಮೊದಲ ಸಾಲಿನಲ್ಲಿ ಏನು ಬೇಕಾದರೂ ಇರಲಿ, ಎರಡನೆಯದರಲ್ಲಿ ಗಂಡನ ಹೆಸರು ಬರಬೇಕು, ಕೊನೆಗೆ ಪ್ರಾಸ ಕೂಡಬೇಕು. ಮದುವೆಯೋ ಬಸುರಿಯ ಕುಬಸವೋ ತೊಟ್ಟಿಲೋ, ಹೆಂಗಸರು ಸುತ್ತ ಕೂತರೆಂದರೆ ‘ಹೆಸರ ಹೇಳು, ಹೆಸರ ಹೇಳು’ ಅಂತ ಒಬ್ಬರನ್ನೊಬ್ಬರು ಕಾಡದೆ ಬಿಡುವುದಿಲ್ಲ. ಕೊಪ್ಪಳದ ಬಸವಣ್ಣೆಮ್ಮ ಇದನ್ನೇ ಕಾರ್ಡಿನ ಮೇಲೆ ಬರೆದು ಮಾರುತ್ತಾಳೆ ಅಂದಾಗ ಮೊದಮೊದಲು ಯಾರೂ ನಂಬಲಿಲ್ಲ. ಹೆಸರು ಹೇಳುವುದಕ್ಕೂ ಒಂದು ಅಂಗಡಿಯೇ? ಹೌದು, ಅಂಗಡಿಯೇ. ಅದೂ ಫೋನಿನೊಳಗಿನ ಅಂಗಡಿ.

ಬಸವಣ್ಣೆಮ್ಮನ ತವರು ಯಲಬುರ್ಗಾ. ಮದುವೆಯಾದದ್ದು ೧೯೯೭ರಲ್ಲಿ, ಕೊಪ್ಪಳ ಜಿಲ್ಲೆಯಾದ ವರ್ಷ. ಗಂಡ ಶರಣಬಸಪ್ಪ ಒಂದು ಸರ್ಕಾರಿ ಕಚೇರಿಯಲ್ಲಿ ಜೀಪಿನ ಡ್ರೈವರ್. ‘ಜಿಲ್ಲಾ ಆದ ವರ್ಷನ ನಾನೂ ಸಂಸಾರಿ ಆದೆ, ಎರಡೂ ಇನ್ನೂ ಸುಧಾರ್ಸಿಲ್ಲ ನೋಡ್ರಿ’ ಎಂದು ಕಂಡಕಂಡವರಿಗೆ ಹೇಳಿ ನಗುವ ಮನುಷ್ಯ. ಮದುವೆಯ ದಿನ ಅತ್ತಿಗೆ ನಾದಿನಿಯರೆಲ್ಲ ಹೊಸ ಮದುಮಗಳನ್ನು ಸುತ್ತುಗಟ್ಟಿ, ಹೆಸರು ಹೇಳಿಸಿ ಅಳಿಸಿಯೇ ಬಿಡೋಣ ಅಂತ ಕೂತಿದ್ದರು. ಈಕೆ ತಲೆ ಬಗ್ಗಿಸಿಕೊಂಡೇ ಏಳು ಒಡಪು ಹೇಳಿದಳು, ಉಸಿರು ಬಿಡದೆ. ‘ಸಾಕು ಮಾಡವಾ ತಾಯಿ, ಊಟಕ್ಕ ಹೊತ್ತಾತು’ ಅಂತ ಅವರೇ ಕೈಮುಗಿದರು. ಅಲ್ಲಿಂದ ಮುಂದೆ ಹದಿನೇಳು ವರ್ಷ ಓಣಿಯ ಯಾವ ಕಾರ್ಯವೂ ಬಸವಣ್ಣೆಮ್ಮ ಬರದೆ ಶುರುವಾಗುತ್ತಿರಲಿಲ್ಲ. ಹೇಳಿದ್ದನ್ನು ಇನ್ನೊಮ್ಮೆ ಹೇಳಿದವಳಲ್ಲ. ಮಕ್ಕಳಾಗಲಿಲ್ಲ ಎಂಬ ಕೊರಗೊಂದಿತ್ತು. ಆದರೆ ಗಂಡನ ಹೆಸರನ್ನು ನೂರು ತರ ಸಿಂಗರಿಸಿ ಹೇಳುವಾಗ ಆಕೆಯ ಮುಖ ನೋಡಬೇಕಿತ್ತು.

೨೦೧೪ರ ಬೇಸಿಗೆಯಲ್ಲಿ ಶರಣಬಸಪ್ಪ ಎದೆನೋವು ಅಂತ ಕಟ್ಟೆಯ ಮೇಲೆ ಕೂತವನು ಮತ್ತೆ ಏಳಲಿಲ್ಲ. ಅನುಕಂಪದ ಮೇಲೆ ಅದೇ ಕಚೇರಿಯಲ್ಲಿ ಈಕೆಗೆ ಅಟೆಂಡರ್ ಕೆಲಸ ಸಿಕ್ಕಿತು. ಅನ್ನಕ್ಕೆ ತೊಂದರೆಯಾಗಲಿಲ್ಲ, ನಿಜ. ಮರುವರ್ಷ ತವರಿನಲ್ಲಿ ಅಣ್ಣನ ಮಗಳ ಕುಬಸ. ಹೆಂಗಸರೆಲ್ಲ ಸುತ್ತ ಕೂತರು, ಬಲಗಡೆಯಿಂದ ಒಬ್ಬೊಬ್ಬರಾಗಿ ಒಡಪು ಹೇಳುತ್ತ ಬಂದರು. ಪಕ್ಕದವಳು ಹೇಳಿದಳು. ಇನ್ನು ತನ್ನ ಸರದಿ ಅಂತ ಬಸವಣ್ಣೆಮ್ಮನ ಬಾಯಿ ತಾನಾಗಿ ತೆರೆಯಿತು. ಅಷ್ಟರಲ್ಲಿ ಆಚೆ ಪಕ್ಕದವಳು ಶುರುಮಾಡಿಬಿಟ್ಟಿದ್ದಳು. ಯಾರೂ ಕೆಟ್ಟ ಮಾತಾಡಲಿಲ್ಲ, ಮೂದಲಿಸಲಿಲ್ಲ. ಊಟಕ್ಕೆ ಕೂತಾಗ ಒಂದು ಹೋಳಿಗೆ ಜಾಸ್ತಿಯೇ ಬಡಿಸಿದರು. ಸುಡಲಿ ಆ ಹೋಳಿಗೆ! ಗಂಡ ಸತ್ತವಳ ಬಾಯಲ್ಲಿ ಗಂಡನ ಹೆಸರು ಅಪಶಕುನವಂತೆ. ಹದಿನೇಳು ವರ್ಷ ಅದೇ ಹೆಸರಿಗೆ ಚಪ್ಪಾಳೆ ತಟ್ಟಿದ ಕೈಗಳೇ ಅವು.

ಅಲ್ಲಿಂದ ಆ ಹೆಸರು ಉಳಿದದ್ದು ಕಚೇರಿಯ ಕಾಗದಗಳಲ್ಲಿ ಮಾತ್ರ. ‘ಗಂಡನ ಹೆಸರು’ ಅಂತ ಇರುವಲ್ಲಿ ‘ದಿ. ಶರಣಬಸಪ್ಪ’ ಅಂತ ಗುಮಾಸ್ತರು ತುಂಬುತ್ತಿದ್ದರು, ಈಕೆ ಕೆಳಗೆ ಸಹಿ ಮಾಡುತ್ತಿದ್ದಳು. ಬಾಯಲ್ಲಿ ಹೇಳು ಅಂತ ಯಾರೂ ಕೇಳಲಿಲ್ಲ.

ಅಂಗಡಿ ಶುರುವಾದದ್ದು ೨೦೧೮ರಲ್ಲಿ, ಕಚೇರಿಯ ಮಹೇಶ್ವರಿಯ ಮದುವೆಯಿಂದ. ‘ಬಸಕ್ಕಾ, ನನಗ ಒಂದೂ ಒಡಪ ಬರೂದಿಲ್ಲ, ಮಂದ್ಯಾಗ ಮಾನ ಹೋಗತೈತಿ’ ಅಂತ ಹುಡುಗಿ ಊಟದ ಹೊತ್ತಿನಲ್ಲಿ ಗೋಳಾಡಿದಳು. ಗಂಡಾಗುವವನು ಗಾಳೇಶ, ವಿದ್ಯುತ್ ಇಲಾಖೆಯ ಲೈನ್‌ಮನ್. ಬಸವಣ್ಣೆಮ್ಮ ಹಳೆಯ ಫೈಲಿನ ರಟ್ಟು ಕತ್ತರಿಸಿ, ಅಂಚಿಗೆ ಇಳಕಲ್ ಸೀರೆಯ ಸೆರಗಿನ ಕೆಂಪು ಬಿಳಿ ಗೆರೆ ಎಳೆದು, ನಡುವೆ ಬರೆದುಕೊಟ್ಟಳು:

ಮಳಿ ಬಂದ್ರ ಕರೆಂಟ ಹೋಗತೈತಿ ಊರಾಗ,
ಗಾಳೇಶ ಬಂದ್ರ ಬೆಳಕ ಬರತೈತಿ ಮನಿಯಾಗ.

ಮದುವೆಮನೆ ಬಿದ್ದು ಬಿದ್ದು ನಕ್ಕಿತಂತೆ. ಕಂಪ್ಯೂಟರ್ ಆಪರೇಟರ್ ತಸ್ಲೀಮಾ ಆ ಕಾರ್ಡಿನ ಫೋಟೊ ತೆಗೆದು ವಾಟ್ಸಾಪಿಗೆ ಹಾಕಿದ್ದೇ ತಡ, ‘ನಮಗೊಂದು ಬೇಕ್ರಿ’ ಅಂತ ಹನ್ನೊಂದು ಮಂದಿ ಕೇಳಿದರು. ‘ಬಸಕ್ಕಾ, ನಿನ್ನ ಬಾಯಾಗ ಬಂಗಾರ ಐತಿ, ಪುಕ್ಕಟಿ ಯಾಕ ಹಂಚತಿ?’ ಅಂದಳು ತಸ್ಲೀಮಾ. ತಾನೇ ಇನ್‌ಸ್ಟಾಗ್ರಾಮಿನಲ್ಲಿ ‘ಒಡಪಿನ ಅಂಗಡಿ’ ಅಂತ ಪೇಜು ತೆರೆದಳು. ಹೆಸರಿನ ಪಕ್ಕ ಬಸವಣ್ಣೆಮ್ಮನ ಮುಖ ಹಾಕಲಿಲ್ಲ, ಆಕೆಯೇ ಬರೆದ ಒಂದು ಗಿಳಿಯ ಚಿತ್ರ ಹಾಕಿದಳು.

ನೋಡನೋಡುತ್ತ ಕೈತುಂಬ ಕೆಲಸವಾಯಿತು. ಈಗಿನ ಹುಡುಗಿಯರಿಗೆ ಒಡಪು ಬರುವುದಿಲ್ಲ, ಬಿಡಲಿಕ್ಕೂ ಮನಸ್ಸಿಲ್ಲ. ಗಂಡ ಏನು ಮಾಡುತ್ತಾನೆ, ಎಂಥ ಸ್ವಭಾವ, ಏನು ತಿನ್ನುತ್ತಾನೆ ಅಂತ ಬಸವಣ್ಣೆಮ್ಮ ಕೇಳುವುದು, ಅವರು ನಾಚಿಕೊಳ್ಳುತ್ತ ಹೇಳುವುದು, ಸಂಜೆ ಕಚೇರಿಯಿಂದ ಬಂದು ಡ್ರಾಯಿಂಗ್ ಹಾಳೆ ಹಾಸಿಕೊಂಡು ಈಕೆ ಬರೆಯುವುದು. ಬೆಳಿಗ್ಗೆ ಅಂಚೆಗೆ ಹಾಕಿ ಡ್ಯೂಟಿಗೆ ಹೋಗುವುದು. ಗಂಗಾವತಿಯಿಂದ ಹಿಡಿದು ಪುಣೆಯವರೆಗೂ ಕಾರ್ಡು ಹೋದವು. ‘ಅಕ್ಕಾರ, ನಿಮ್ಮ ಯಜಮಾನ್ರ ಹೆಸರಿಗೆ ಎಷ್ಟ ಒಡಪ ಕಟ್ಟೀರಿ?’ ಅಂತ ಕೆಲವರು ಕೇಳುತ್ತಿದ್ದರು. ಆಕೆ ಒಂದು ನಗುವ ಮುಖದ ಚಿತ್ರ ಕಳಿಸಿ ಸುಮ್ಮನಾಗುತ್ತಿದ್ದಳು. ಸುಳ್ಳು ಹೇಳಿದ್ದಿಲ್ಲ. ಆದರೆ ಶುಭಕಾರ್ಯದ ಕಾರ್ಡು ಬರೆಯುವ ಕೈ ಎಂಥದ್ದು ಅಂತ ಗೊತ್ತಾದರೆ ಈ ಅಕ್ಕಾರ ಗಿಕ್ಕಾರ ಎಲ್ಲ ಒಂದೇ ದಿನಕ್ಕೆ ಮುಗಿಯುತ್ತದೆ ಎಂಬ ಅಂಜಿಕೆ ಹೊಟ್ಟೆಯೊಳಗೆ ಇದ್ದೇ ಇತ್ತು. ಹೆಂಗಸರ ಆ ಸುತ್ತಿನೊಳಗೆ ಕೂಡಲು ಆಕೆಗೆ ಉಳಿದಿದ್ದ ಜಾಗ ಇದೊಂದೇ.

೨೦೨೨ರ ಫೆಬ್ರುವರಿಯಲ್ಲಿ ಕುಷ್ಟಗಿಯ ದುರ್ಗಾದೇವಿ ಎಂಬಾಕೆಯ ಆರ್ಡರು ಬಂತು. ಏಳು ತಿಂಗಳ ಬಸುರಿ, ಎರಡು ವಾರ ಬಿಟ್ಟು ಭಾನುವಾರ ಅತ್ತೆಮನೆಯಲ್ಲಿ ಕುಬಸ. ಹಸಿರು ಸೀರೆ ಉಡಿಸಿ ಉಡಿ ತುಂಬುವ ಕಾರ್ಯ. ಬರುವ ಮೂವತ್ತು ಮುತ್ತೈದೆಯರಿಗೂ ಒಂದೊಂದು ಒಡಪಿನ ಕಾರ್ಡು ಬೇಕು ಅಂತ ಎಲ್ಲರ ಹೆಸರು, ಅವರವರ ಗಂಡಂದಿರ ಹೆಸರು ಪಟ್ಟಿ ಮಾಡಿ ಕಳಿಸಿದ್ದಳು. ಮಾತಿನ ಮಲ್ಲಿ. ಬರೆಯುವುದು ಬಿಟ್ಟು ವಾಟ್ಸಾಪಿನಲ್ಲಿ ದನಿಯಲ್ಲೇ ಮಾತಾಡಿ ಕಳಿಸುತ್ತಿದ್ದಳು. ಹತ್ತು ದಿನದಲ್ಲಿ ಇಬ್ಬರಿಗೂ ಸಲಿಗೆ ಬೆಳೆಯಿತು. ಒಂದು ದಿನ ಅಂದಳು:

‘ಅಕ್ಕಾರ, ಕಾರ್ಡ ಪೋಸ್ಟಿಗೆ ಹಾಕಬ್ಯಾಡ್ರಿ. ನೀವ ತಗೊಂಡ ಬರ್ರಿ. ಮುಂದ ಕುಂತು ನೀವ ಎಲ್ಲಾರ ಕಡಿಂದ ಹೆಸರ ಹೇಳಸ್ರಿ. ನಮ್ಮ ಅತ್ತಿ ಮುದಕಮ್ಮಗೂ ಹೇಳೀನಿ. ನಮ್ಮ ಅತ್ತಿ ಭಾಳ ಶಾಸ್ತ್ರದಾಕಿ ಮತ್ತ, ಬೆಕ್ಕ ಅಡ್ಡ ಬಂದ್ರ ಬಸ್ಸನ ಬಿಡತಾಳ. ಆಕಿನೂ ಬರ್ಲಿ ಅಂದಾಳ.’

ಅದನ್ನು ಕೇಳಿ ಬಸವಣ್ಣೆಮ್ಮನಿಗೆ ಒಂದು ಕಡೆ ಹಿಗ್ಗು, ಇನ್ನೊಂದು ಕಡೆ ಅಂಜಿಕೆ. ತಸ್ಲೀಮಾ ಮಾತ್ರ ಸರಳ ಮಾಡಿಬಿಟ್ಟಳು. ‘ಹಸರ ಬಳಿ ಇಟ್ಕೋ, ಹಣಿಗೆ ಒಂದ ಟಿಕಳಿ ಹಚ್ಕೋ, ಹೋಗಿ ಬಾ. ಕುಷ್ಟಗ್ಯಾಗ ನಿನ್ನ ಯಾರ ನೋಡ್ಯಾರ?’

ಆಸೆ ಆಗಲಿಲ್ಲ ಅಂದರೆ ಸುಳ್ಳು. ಕಚೇರಿಯ ಬಚ್ಚಲಿನ ಕನ್ನಡಿಯ ಮುಂದೆ ನಿಂತು ತಸ್ಲೀಮಾ ತಂದುಕೊಟ್ಟ ಟಿಕಳಿ ಹಚ್ಚಿಕೊಂಡಳು. ಎಂಟು ವರ್ಷದ ಹಿಂದಿನ ಬಸವಣ್ಣೆಮ್ಮ ಅಲ್ಲಿ ನಿಂತಿದ್ದಳು. ಹೀಗೇ ಹೋದರೆ ಅಲ್ಲಿ ಹೆಸರು ಹೇಳು ಅನ್ನುತ್ತಾರೆ, ಹೇಳಬಹುದು. ಆದರೆ ಮನೆಯಲ್ಲಿ ಜೀವಂತ ಇರುವವನ ಹೆಸರು ಅಂತ ಅವರು ಕೇಳಿಸಿಕೊಳ್ಳುತ್ತಾರೆ. ಆ ಮನುಷ್ಯ ಸತ್ತದ್ದೂ ಸುಳ್ಳು, ಎಂಟು ವರ್ಷ ತಾನು ಒಬ್ಬಳೇ ಉಂಡದ್ದೂ ಸುಳ್ಳು ಅಂತಾಗುತ್ತದೆ. ಕದ್ದು ಹೇಳಲಿಕ್ಕೆ ಅದೇನು ಬೇರೆಯವರ ಗಂಡನ ಹೆಸರೇ? ಟಿಕಳಿ ಕಿತ್ತು ಕನ್ನಡಿಗೇ ಅಂಟಿಸಿ ಹೊರಗೆ ಬಂದಳು.

ಶುಕ್ರವಾರ ಸಂಜೆ ದನಿಯಲ್ಲೇ ಹೇಳಿ ಕಳಿಸಿದಳು. ಮೂರು ಸಲ ಹೇಳಿ ಅಳಿಸಿ, ನಾಲ್ಕನೆಯದನ್ನು ಬಿಟ್ಟಳು. ‘ದುರ್ಗಾದೇವಿ, ಮದ್ಲ ಹೇಳಬೇಕಿತ್ತವಾ, ತಪ್ಪಾತು. ನಾ ಗಂಡನ್ನ ಕಳಕೊಂಡಾಕಿ, ಎಂಟ ವರ್ಷ ಆತು. ಈ ಕಾರ್ಡೆಲ್ಲಾ ನಾನ ಬರದಿದ್ದು. ಬ್ಯಾಡ ಅಂದ್ರ ಬ್ಯಾಡ ಅನ್ನು, ನನಗ ಸಿಟ್ಟಿಲ್ಲ.’ ಕೊನೆಯಲ್ಲಿ ದನಿ ಒಡೆದದ್ದು ಆಕೆಗೇ ಗೊತ್ತಾಯಿತು.

ಎರಡು ನೀಲಿ ಗೆರೆ ಬಿದ್ದವು. ಕೇಳಿದ್ದಾಳೆ. ಉತ್ತರ ಬರಲಿಲ್ಲ. ಮಾತಿನ ಮಲ್ಲಿ ಶನಿವಾರ ಪೂರ್ತಿ ತುಟಿ ಎರಡು ಮಾಡಲಿಲ್ಲ. ಉತ್ತರ ಇಲ್ಲದ್ದೇ ಉತ್ತರ ಅಂದುಕೊಂಡಳು ಬಸವಣ್ಣೆಮ್ಮ. ಆದರೆ ಬೇಡ ಅಂತಲೂ ಬಾಯಿಬಿಟ್ಟು ಅಂದಿಲ್ಲ, ಮೂವತ್ತು ಹೆಂಗಸರ ಕಾರ್ಡು ತನ್ನ ಮನೆಯಲ್ಲಿ ಕೂತಿವೆ. ಮಾತು ಕೊಟ್ಟಾಗಿದೆ. ಭಾನುವಾರ ಬೆಳಿಗ್ಗೆ ಕುಷ್ಟಗಿ ಬಸ್ಸು ಹತ್ತಿದಳು. ಬಾಗಿಲಲ್ಲೇ ಕೊಟ್ಟು ತಿರುಗಿ ಬರುವುದು ಅಂತ ಬಸ್ಸಿನುದ್ದಕ್ಕೂ ಮನಸ್ಸಿಗೆ ಬುದ್ಧಿ ಹೇಳುತ್ತ ಹೋದಳು.

ಮನೆಯ ಮುಂದೆ ಚಪ್ಪರ, ಬಾಗಿಲಲ್ಲಿ ಗದ್ದಲ. ಕಾಸಿನಗಲ ಕುಂಕುಮದ ಗಟ್ಟಿಮುಟ್ಟು ಮುದುಕಿಯೊಬ್ಬಳು ಬಾಗಿಲಿಗೆ ಅಡ್ಡ ಕೈ ಇಟ್ಟು ನಿಂತಿದ್ದಳು. ಹೆಸರು ಹೇಳದೆ ಒಬ್ಬರನ್ನೂ ಒಳಗೆ ಬಿಡುತ್ತಿರಲಿಲ್ಲ. ಮುದಕಮ್ಮ ಅಂದರೆ ಈಕೆಯೇ ಅಂತ ಯಾರೂ ಹೇಳಬೇಕಿರಲಿಲ್ಲ. ಮುಂದೆ ನಿಂತ ಎಳೆಯ ಹೆಂಗಸು ಬೆವರುತ್ತಿದ್ದಳು. ‘ಒಂದೂ ನೆನಪಿಗೆ ಬರವಲ್ದರಿ ದೊಡ್ಡವ್ವ, ಬಿಡ್ರಿ.’

ಬಸವಣ್ಣೆಮ್ಮನಿಗೆ ತಡೆಯಲಾಗಲಿಲ್ಲ. ‘ನಿಮ್ಮ ಹೆಸರೇನ್ರಿ?’ ಅಂತ ಹಿಂದಿನಿಂದ ಪಿಸುಗುಟ್ಟಿದಳು. ‘ಪಂಪಾವತಿ.’ ಚೀಲದಿಂದ ಪಂಪಾವತಿಯ ಕಾರ್ಡು ತೆಗೆದು ಕೈಗಿಟ್ಟಳು. ಆಕೆ ಕಣ್ಣಾಡಿಸಿ, ನಗು ತಡೆದುಕೊಂಡು ಓದಿದಳು:

‘ಗಂಗಾವತಿ ಅಕ್ಕಿ ಊಟಕ್ಕ ಛಲೋ,
ಪಕ್ಕೀರಪ್ಪನ ಜೋಡಿ ಜಗಳಕ್ಕ ಛಲೋ.’

ಚಪ್ಪರವೆಲ್ಲ ಹೋ ಅಂತ ನಕ್ಕಿತು. ಕೈ ಸರಿಯಿತು, ಪಂಪಾವತಿ ಒಳಗೆ ಓಡಿದಳು. ಬಸವಣ್ಣೆಮ್ಮ ಚೀಲವನ್ನು ಮುಂದೆ ಚಾಚಿದಳು. ‘ಅಕ್ಕಾರ, ಇವ ಕಾರ್ಡರಿ. ಒಳಗ ಕೊಟ್ಟಬಿಡ್ರಿ, ನಾ ಬರತೀನ್ರಿ.’

ಮುದಕಮ್ಮ ಆಕೆಯ ಬರಿಯ ಹಣೆಯನ್ನೊಮ್ಮೆ, ಬರಿಯ ಕೈಯನ್ನೊಮ್ಮೆ ನೋಡಿದಳು. ಚೀಲ ತೆಗೆದುಕೊಳ್ಳಲಿಲ್ಲ. ಸರಿದಿದ್ದ ಕೈ ಮತ್ತೆ ಬಾಗಿಲಿಗೆ ಅಡ್ಡ ಬಂತು. ಬಸವಣ್ಣೆಮ್ಮ ಒಂದು ಹೆಜ್ಜೆ ಹಿಂದೆ ಸರಿದಳು. 

‘ಹೆಸರ ಹೇಳು,’ ಅಂದಳು ಮುದಕಮ್ಮ.

‘ಬಸವಣ್ಣೆಮ್ಮ ಅಂತರಿ.’

‘ನಿಂದ ಯಾರ ಕೇಳಿದ್ರು? ನಿನ್ನ ಗಂಡಂದ ಹೇಳು.’

‘ನಾ ಹೇಳಿ ಕಳಿಸಿದ್ನಲ್ರಿ... ಅವರು ಇಲ್ರಿ.’

‘ಕೇಳೀನಿ. ಫೋನಿನ್ಯಾಗ ಮೂರ ಸಲ ಹಚ್ಚಿಸಿ ಕೇಳೀನಿ. ಉತ್ತರ ನಾನ ಕೊಡತೀನಿ ಅಂತ ಸೊಸಿ ಬಾಯಿ ಮುಚ್ಚಿಸಿದಾಕಿನೂ ನಾನ.’ ಮುದುಕಿಯ ದನಿ ತಗ್ಗಿತು. ‘ನನ್ನ ತಂಗಿ ಒಬ್ಬಾಕಿ ಇದ್ಲು. ಗಂಡ ಹೋದ ಮ್ಯಾಲ ಇಪ್ಪತ್ತ ವರ್ಷ ಮೂಲ್ಯಾಗ ಕುಂದರಿಸಿದ್ವಿ, ಒಂದ ಸಲನೂ ಹೆಸರ ಕೇಳಲಿಲ್ಲ. ಆಕಿನೂ ಹೋದ್ಲು. ಮೊನ್ನಿ ನಿನ್ನ ಮಾತ ಕೇಳಿ ನೆನಸ್ಕೊಳ್ಳಾಕ ಹೋದೆ, ಆಕಿ ಗಂಡನ ಹೆಸರ ನನಗ ನೆನಪ ಇಲ್ಲ. ಮನ್ಯಾಗ ಯಾರಿಗೂ ನೆನಪ ಇಲ್ಲ. ನಿನ್ನ ಗಂಡಂದರ ಹೇಳವಾ.’

ಬಸವಣ್ಣೆಮ್ಮ ಚೀಲಕ್ಕೆ ಕೈ ಹಾಕಿದಳು. ಚೀಲದಲ್ಲಿ ಇಪ್ಪತ್ತೊಂಬತ್ತು ಕಾರ್ಡುಗಳಿದ್ದವು, ತನ್ನದೊಂದಿರಲಿಲ್ಲ. ‘ಶರಣಬಸಪ್ಪ,’ ಅಂದಳು, ಅಷ್ಟೇ.

‘ಬರೇ ಹೆಸರ ನಡಿಯೂದಿಲ್ಲ!’ ಮುದಕಮ್ಮ ಗದರಿದಳು. ‘ಊರ ಮಂದಿಗೆಲ್ಲಾ ಕಟ್ಟಿ ಮಾರೂವಾಕಿ, ಹೇಳು ಸುಮ್ಮನ. ಹೇಳೂತನ ಒಳಗ ಬಿಡೂದಿಲ್ಲ, ಹೊರಗೂ ಬಿಡೂದಿಲ್ಲ.’

ಬಸವಣ್ಣೆಮ್ಮ ಹದಿನೇಳು ವರ್ಷದ ಅಭ್ಯಾಸದಂತೆ ತಲೆ ಬಗ್ಗಿಸಿದಳು. ಬಾಯಿ ತಾನೇ ಹೇಳಿತು:

‘ಬುತ್ತಿ ಮರತ ಹೋಗತಿದ್ರು ದಿನಾ ಡ್ಯೂಟಿಗಿ,
ಶರಣಬಸಪ್ಪ ನನ್ನ ಮರತ ಹೋದ್ರು ಕಡೀಗಿ.’

ಮೊದಲ ಸಾಲಿಗೆ ನಗಲು ಬಾಯಿ ತೆರೆದವರು ಹಾಗೇ ನಿಂತರು. ಒಳಗಿನಿಂದ ಹಸಿರು ಸೀರೆಯ ದುರ್ಗಾದೇವಿ ಮುದಕಮ್ಮನ ಭುಜದ ಮೇಲಿಂದ ಇಣುಕಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮುದಕಮ್ಮ ಬಾಗಿಲಿನ ಕೈ ತೆಗೆದಳು, ಅದೇ ಕೈಯಿಂದ ಬಸವಣ್ಣೆಮ್ಮನ ರಟ್ಟೆ ಹಿಡಿದು ಒಳಗೆ ಎಳೆದುಕೊಂಡಳು.

‘ಭಾಳ ಮರಗುಳಿ ಅದಾನ ಬಿಡವಾ ನಿನ್ನ ಗಂಡ,’ ಅಂದಳು. ‘ಬಾ, ಕುಂದ್ರು. ಇನ್ನೊಂದ ಹೇಳು.’