ಏಳನೇ ಚೀಟಿ

ಮಹದೇವು ಸಿನಿಮಾದಲ್ಲಿ ಬರುತ್ತಾನೆ ಎಂಬ ಸುದ್ದಿ ಹೂಟಗಳ್ಳಿಯ ಅವನ ಬೀದಿಗೆಲ್ಲ ಗೊತ್ತಾಗಿ ನಾಲ್ಕು ದಿನವಾಗಿತ್ತು. ಹೆಂಡತಿ ಬೀರಮ್ಮ ಹಾಲಿನ ಡೈರಿಯಲ್ಲಿ ಒಬ್ಬರಿಗೆ ಹೇಳಿದ್ದಳು, ಅಷ್ಟೇ. ಉಳಿದದ್ದು ತಾನಾಗಿ ನಡೆಯಿತು.

ಐವತ್ತಾರು ವರ್ಷದ ಮಹದೇವು ಕೇಟರಿಂಗ್ ಮನೋಹರ್ ಬಳಿ ಸಪ್ಲೈಯರ್. ಯಾದವಗಿರಿಯ ಬಂಗಲೆಗಳಲ್ಲಿ ಹುಟ್ಟುಹಬ್ಬವೋ ನಿಶ್ಚಿತಾರ್ಥವೋ ಆದಾಗ ಲೋಟಗಳ ಟ್ರೇ ಹಿಡಿದು ಜನರ ನಡುವೆ ಓಡಾಡುವುದು ಅವನ ಕೆಲಸ. ಮೂವತ್ತೊಂದು ವರ್ಷದಲ್ಲಿ ಅವನ ಕೈಯಿಂದ ಒಂದು ಟ್ರೇಯೂ ಬಿದ್ದಿರಲಿಲ್ಲ. ಅದನ್ನು ಅವನಾಗಿ ಯಾರಿಗೂ ಹೇಳಿಕೊಂಡವನಲ್ಲ. ಆದರೆ ಕೆಲವು ಮನೆಯವರು ಊಟದ ಪಟ್ಟಿ ಮಾಡುವ ಮೊದಲೇ, ಮಹದೇವು ಬರುತ್ತಾನೆ ತಾನೇ ಎಂದು ಮನೋಹರನನ್ನು ಕೇಳುತ್ತಿದ್ದರು. ಅವನು ಸಂಪಾದಿಸಿದ ಹೆಸರು ಅದೊಂದೇ.

ಅವನಿಗೆ ಕೆಲಸ ಕಲಿಸಿದವನು ಹೋಟೆಲೊಂದರ ಹಿರಿಯ ಸಪ್ಲೈಯರ್ ಮೃತ್ಯುಂಜಯ. ಟ್ರೇಗೆ ಅಂಗೈ ತಾಗಬಾರದು, ಕೆಳಗಿನಿಂದ ಐದು ಬೆರಳ ತುದಿಯ ಮೇಲೆ ಅದು ಕೂತಿರಬೇಕು ಎಂದು ಆತ ಕಲಿಸಿದ್ದ. ಕಾಲು ಜಾರಿದರೆ ಮೈಯನ್ನು ಬಿಟ್ಟುಬಿಡಬೇಕು, ಬೆರಳು ಮಾತ್ರ ಸೂರು ನೋಡುತ್ತಿರಬೇಕು ಎಂದೂ ಹೇಳಿದ್ದ. ಒಂದು ತಿಂಗಳು ನೀರು ತುಂಬಿದ ಲೋಟಗಳನ್ನು ಹಿಡಿಸಿ, ಹಿಂದಿನಿಂದ ಬಂದು ಮಂಡಿಗೆ ಒದ್ದು ಕಲಿಸಿದ್ದ.

ಸಿನಿಮಾದವರು ಯಾದವಗಿರಿಯ ಹಳೆಯ ಬಂಗಲೆಯೊಂದನ್ನು ಬಾಡಿಗೆಗೆ ಹಿಡಿದಿದ್ದರು. ದೊಡ್ಡವರ ಪಾರ್ಟಿಗಳ ಮೇಲೆ ಒಂದು ನಗೆಯ ಸಿನಿಮಾ. ನಿಜವಾದ ಸಪ್ಲೈಯರ್ ಒಬ್ಬ ಬೇಕು ಎಂದು ಕೇಳಿದಾಗ ಮನೋಹರ್ ಇವನನ್ನು ಕಳಿಸಿದ. ಬೆಳಿಗ್ಗೆ ಒಂಬತ್ತಕ್ಕೆ ಮಹದೇವು ಹೋದಾಗ ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿ, ದೀಪ ಹಾಕಿ, ಒಳಗೆ ರಾತ್ರಿ ಮಾಡಿಕೊಂಡಿದ್ದರು. ಅವನು ಅಭ್ಯಾಸದಂತೆ ಹಿಂಬಾಗಿಲು ಹುಡುಕಿ ಅಡುಗೆಮನೆಗೆ ಹೋಗಿ ಕೈಕಟ್ಟಿ ನಿಂತ. ಅವನಿಗಾಗಿ ಮುಂಬಾಗಿಲಲ್ಲಿ ಕಾಯುತ್ತಿದ್ದ ಅನನ್ಯ ಹತ್ತು ನಿಮಿಷ ಅಲ್ಲೇ ಉಳಿದಳು.

ಅನನ್ಯ ಈ ಸಿನಿಮಾದ ಕತೆ ಬರೆದವಳು, ರಾಮಕೃಷ್ಣನಗರದ ಹುಡುಗಿ. ಊಟದ ಕೋಣೆಯ ಗೋಡೆಗೆ ಅವಳು ಹನ್ನೊಂದು ಚೀಟಿ ಅಂಟಿಸಿದ್ದಳು. ಇಡೀ ಕತೆ ಅದರಲ್ಲೇ ಇದೆ ಎಂದು ಒಂದೊಂದನ್ನೇ ಓದಿ ಹೇಳಿದಳು. ಒಂದು ಕುಟುಂಬ ಬಾಡಿಗೆ ಬಂಗಲೆಯನ್ನು ಸ್ವಂತದ್ದು ಎಂದು ತೋರಿಸಿ ಮಗಳಿಗೆ ಶ್ರೀಮಂತ ಸಂಬಂಧ ನೋಡುತ್ತದೆ. ಬೀಗರಾಗುವವರನ್ನು ಪಾರ್ಟಿಗೆ ಕರೆಯುತ್ತದೆ. ಆ ಬೀಗರೂ ಸುಳ್ಳು ಶ್ರೀಮಂತರೇ. ಮೊದಲ ಆರು ಚೀಟಿಗಳಲ್ಲಿ ಸುಳ್ಳಿನ ಮೇಲೆ ಸುಳ್ಳು ಏರುತ್ತಾ ಹೋಗುತ್ತದೆ. ಏಳನೆಯದರಲ್ಲಿ ಸಪ್ಲೈಯರ್ ಎಡವಿ ಬೀಳುತ್ತಾನೆ, ಟ್ರೇಯಲ್ಲಿದ್ದ ಬಾದಾಮಿ ಹಾಲು ಬೀಗರ ಕೋಟಿನ ಮೇಲೆ ಸುರಿಯುತ್ತದೆ. ಎಂಟನೆಯದರಲ್ಲಿ ಕೋಟು ಬಿಚ್ಚಿದಾಗ ಒಳಗೆ ಬಟ್ಟೆ ಬಾಡಿಗೆ ಕೊಡುವ ಅಂಗಡಿಯ ಚೀಟಿ ಕಾಣುತ್ತದೆ. ಅಲ್ಲಿಂದ ಸುಳ್ಳುಗಳು ಒಂದೊಂದಾಗಿ ಕಳಚುತ್ತವೆ.

ಮಹದೇವು ಏಳನೇ ಚೀಟಿಯನ್ನು ಎರಡು ಸಲ ಓದಿದ.

"ಟ್ರೇ ಬೀಳ್ಲೇಬೇಕೇನಮ್ಮ?"

"ಹತ್ತೋದು ಮುಗಿದು ಇಳಿಯೋದು ಶುರುವಾಗೋ ಜಾಗ ಅದು. ನೀವು ಬೀಳದಿದ್ರೆ ಕತೆ ಅಲ್ಲೇ ನಿಂತುಬಿಡುತ್ತೆ ಮಹದೇವಣ್ಣ" ಎಂದಳು ಅನನ್ಯ.

ಅವನಿಗೆ ಅದು ಅರ್ಥವಾಯಿತು. ಪಾರ್ಟಿಗೂ ಅಂಥ ಜಾಗವಿರುತ್ತದೆ. ಮೊದಲ ಸುತ್ತಿನ ಜ್ಯೂಸಿಗೆ ಎಲ್ಲರೂ ಬೆನ್ನು ನೆಟ್ಟಗೆ ಮಾಡಿ ನಿಂತಿರುತ್ತಾರೆ. ಸಿಹಿ ಬಂದ ಮೇಲೆ ಬೆನ್ನು ಸಡಿಲವಾಗುತ್ತದೆ, ಮಾತೂ ಸಡಿಲವಾಗುತ್ತದೆ. ಅದು ಸರಿಯೇ. ಆದರೆ ನಾಳೆ ಇಡೀ ಊರು ಈ ಸಿನಿಮಾ ನೋಡುತ್ತದೆ. ಟ್ರೇ ಬೀಳಿಸಿದವನು ಎಂದೇ ಅವನನ್ನು ನೋಡುತ್ತದೆ. ಒಲ್ಲೆನೆಂದು ಎದ್ದುಹೋಗೋಣವೆಂದರೆ ಹೂಟಗಳ್ಳಿಯ ಡೈರಿ ಕಣ್ಣ ಮುಂದೆ ಬಂತು. ಅವನು ತಲೆಯಾಡಿಸಿ ಟ್ರೇ ಎತ್ತಿಕೊಂಡ.

ಬೀಗರ ಪಾತ್ರ ಚಂದ್ರಮೌಳಿಯವರದು, ಬ್ಯಾಂಕಿನಿಂದ ನಿವೃತ್ತರಾಗಿ ನಾಟಕ ಆಡಿಕೊಂಡಿದ್ದವರು. ನಿರ್ದೇಶಕ ವಸಿಷ್ಠ ಕೈ ಬೀಸಿದ. ಮಹದೇವು ನಡೆದು ಬಂದು ನೆಲಹಾಸಿನ ಅಂಚಿಗೆ ಕಾಲು ಕೊಟ್ಟ, ಎಡವಿದ. ಮಂಡಿ ಊರಿ ಬಿದ್ದ. ಟ್ರೇ ಮಾತ್ರ ತಲೆಯ ಮೇಲೆ ಬೆರಳ ತುದಿಯಲ್ಲಿ ಹಾಗೇ ಕೂತಿತ್ತು. ಒಂದು ಹನಿಯೂ ಚೆಲ್ಲಲಿಲ್ಲ.

ಎರಡನೇ ಸಲವೂ ಹಾಗೇ ಆಯಿತು. ಮೂರನೇ ಸಲ ಬೇಕೆಂದೇ ಕೈ ಓರೆ ಮಾಡಬೇಕು ಎಂದುಕೊಂಡು ಬಂದ. ಬೀಳುವ ಹೊತ್ತಿಗೆ ಕೈ ತನ್ನಷ್ಟಕ್ಕೆ ನೆಟ್ಟಗಾಯಿತು. ನಾಲ್ಕನೇ ಸಲ ಪೂರ್ತಿ ಅಂಗಾತ ಬಿದ್ದ, ಟ್ರೇ ಎದೆಯ ಮೇಲೆ ನಿಂತಿತ್ತು. ಪ್ರತಿ ಸಲವೂ ಚಂದ್ರಮೌಳಿಯವರು ಹಾಲು ಬೀಳುತ್ತದೆಂದು ಕಣ್ಣು ಮುಚ್ಚಿಕೊಂಡು ನಿಲ್ಲುತ್ತಿದ್ದರು.

"ಒಂದ್ಸಲ ಸುರಿದ್ಬುಡಯ್ಯ. ನೆನೆಯೋದಕ್ಕಿಂತ ಕಾಯೋದೇ ಕಷ್ಟ ಕಣೋ" ಎಂದರು ಅವರು.

ವಸಿಷ್ಠ ನಿಧಾನಸ್ಥ. ಅವನೂ ಆರನೇ ಸಲದ ಮೇಲೆ, ಅಣ್ಣ, ನಾನು ಕೇಳಿದ್ದು ಬೀಳೋದನ್ನ, ನೀವು ತೋರಿಸ್ತಿರೋದು ಸರ್ಕಸ್ಸು ಎಂದ. ಎಲ್ಲರೂ ನಕ್ಕರು. ಆಮೇಲೆ ಅವನು ಅನನ್ಯಳನ್ನು ಪಕ್ಕಕ್ಕೆ ಕರೆದು, ಊಟದ ನಂತರ ಬೇರೆ ಯಾರನ್ನಾದರೂ ಹಾಕೋಣ ಎಂದದ್ದು ಮಹದೇವುವಿನ ಕಿವಿಗೆ ಬಿತ್ತು.

ಅನನ್ಯ ಅದನ್ನು ಹೇಳಲೆಂದು ಅಡುಗೆಮನೆಗೆ ಬಂದಾಗ ಅವನು ಲೋಟಗಳನ್ನು ತೊಳೆದು ಒರೆಸಿ ಜೋಡಿಸುತ್ತಿದ್ದ. ಪ್ಯಾಂಟಿನ ಮಂಡಿ ಹರಿದು ಚರ್ಮ ತರಚಿತ್ತು. ಅವಳು ಹೇಳಬಂದದ್ದನ್ನು ಬಿಟ್ಟು, ನಿಜವಾದ ಪಾರ್ಟಿಯಲ್ಲಿ ನೀವು ಯಾವತ್ತೂ ಎಡವಿಯೇ ಇಲ್ಲವೇ ಎಂದು ಕೇಳಿದಳು.

ಒಮ್ಮೆ ಎಡವಿದ್ದೆ ಎಂದ ಮಹದೇವು. ಹದಿನೆಂಟು ವರ್ಷದ ಹಿಂದೆ, ಇದೇ ಯಾದವಗಿರಿಯಲ್ಲಿ, ಒಂದು ಗೃಹಪ್ರವೇಶದ ಪಾರ್ಟಿ. ಹೊಸ ನೆಲ, ಕಾಲು ಜಾರಿತು. ಸುತ್ತ ನಿಂತಿದ್ದವರೆಲ್ಲ ಬಟ್ಟೆ ಉಳಿಸಿಕೊಳ್ಳಲು ಹಿಂದೆ ಸರಿದರು. ಸೂಟು ಹಾಕಿದ್ದ ದೊಡ್ಡ ಮನುಷ್ಯರೊಬ್ಬರು ಮಾತ್ರ ಮುಂದೆ ಬಂದರು. ಟ್ರೇಯ ಅಂಚನ್ನು ಮುಟ್ಟದೆ, ಒಂದೇ ಕೈಯನ್ನು ಅಡಿಗೆ ಕೊಟ್ಟು ಎತ್ತಿಕೊಂಡರು.

"ಐದು ಬೆರಳ ತುದೀಲಿ ಕಣಮ್ಮ. ಅಂಗೈ ತಾಗ್ಲಿಲ್ಲ. ಅಂಗೆ ಇಡಿಯೋದು ಸಪ್ಲೈ ಮಾಡೋ ನಮ್ಮೋರು ಮಾತ್ರ. ನಾನು ಅವರ ಕೈ ನೋಡ್ದೆ. ನಾನು ನೋಡಿದ್ದನ್ನ ಅವರೂ ನೋಡಿದ್ರು."

ಅವರು ಟ್ರೇ ವಾಪಸ್ಸು ಕೊಟ್ಟು ಮಾತಿಗೆ ತಿರುಗಿಕೊಂಡರಂತೆ. ಆ ಸಂಜೆ ಪೂರ್ತಿ ಅವರ ಮುಖದಲ್ಲಿ ರಕ್ತವೇ ಇರಲಿಲ್ಲವಂತೆ.

"ಯಾರವರು?" ಎಂದಳು ಅನನ್ಯ.

"ಎಸ್ರು ಬ್ಯಾಡ ಬುಡಿ. ಇನ್ನೂ ಈ ಊರಲ್ಲೇ ಅವ್ರೆ."

ಅನನ್ಯ ನೇರವಾಗಿ ಊಟದ ಕೋಣೆಗೆ ಹೋಗಿ ಏಳು ಮತ್ತು ಎಂಟನೇ ಚೀಟಿ ಕಿತ್ತು, ನಿಂತಲ್ಲೇ ಬೇರೆ ಎರಡು ಬರೆದಳು. ಏಳನೆಯದರಲ್ಲಿ ಸಪ್ಲೈಯರ್ ಬೀಳುತ್ತಾನೆ, ಟ್ರೇ ಬೀಳುವುದಿಲ್ಲ, ಬೀಗರ ಕೈ ತಾನಾಗಿ ಹೋಗಿ ಅದನ್ನು ಹಿಡಿಯುತ್ತದೆ. ಎಂಟನೆಯದರಲ್ಲಿ ಹುಡುಗಿಯ ತಂದೆ ಆ ಬೆರಳುಗಳನ್ನು ನೋಡುತ್ತಾನೆ. ಗುರುತು ಹಿಡಿಯುತ್ತಾನೆ, ಯಾಕೆಂದರೆ ಅವನೂ ಒಂದು ಕಾಲದಲ್ಲಿ ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದವನು. ಒಂಬತ್ತರಿಂದ ಮುಂದಕ್ಕೆ ಏನೂ ಬದಲಾಗುವುದಿಲ್ಲ. ವಸಿಷ್ಠ ಎರಡು ಸಲ ಓದಿ, ಅಲ್ಲಿ ನಗು ಬರುತ್ತದಾ ಎಂದು ಕೇಳಿದ. ಇಬ್ಬರೂ ಸುಳ್ಳರು ಒಬ್ಬರನ್ನೊಬ್ಬರು ನೋಡಿಕೊಂಡು ಏನೂ ಹೇಳಲಾಗದೆ ನಿಲ್ಲುತ್ತಾರಲ್ಲ, ಅಲ್ಲಿ ಬರುತ್ತದೆ ಎಂದಳು ಅನನ್ಯ. ಸರಿ, ನೋಡೋಣ ಎಂದ ವಸಿಷ್ಠ.

ಊಟವಾದ ಮೇಲೆ ಒಂದು ಗಂಟೆ ಮಹದೇವು ಚಂದ್ರಮೌಳಿಯವರಿಗೆ ಟ್ರೇ ಹಿಡಿಯುವುದನ್ನು ಕಲಿಸಿದ. ಮಂಡಿಗೆ ಒದೆಯಲಿಲ್ಲ. ಅವರು ಎರಡು ಸಲ ಟ್ರೇ ಬೀಳಿಸಿ ಎಂಟು ಲೋಟ ಒಡೆದರು. ಬೆಳಿಗ್ಗೆಯಿಂದ ತಾವು ಕಾಯುತ್ತಿದ್ದ ಹಾಲು ಕೊನೆಗೂ ಕೋಟಿನ ಮೇಲೆ ಬಿತ್ತು ಎಂದು ಅವರೇ ನಕ್ಕರು. ಕೋಟು ಬದಲಾಯಿಸಬೇಕಾಯಿತು.

ನಾಲ್ಕೂವರೆಗೆ ವಸಿಷ್ಠ ಮತ್ತೆ ಕೈ ಬೀಸಿದ. ಮಹದೇವು ನಡೆದು ಬಂದ, ಎಡವಿದ, ತರಚಿದ ಮಂಡಿಯ ಮೇಲೇ ಬಿದ್ದ. ಸೂರು ನೋಡುತ್ತಿದ್ದ ಬೆರಳುಗಳ ಮೇಲಿನ ಭಾರ ಮೆಲ್ಲಗೆ ಹಗುರಾಯಿತು. ತಲೆ ಎತ್ತಿದರೆ ಟ್ರೇ ಚಂದ್ರಮೌಳಿಯವರ ಬೆರಳ ತುದಿಯಲ್ಲಿತ್ತು. ಅಂಗೈ ತಾಗಿರಲಿಲ್ಲ. ಒಂದೇ ಸಲಕ್ಕೆ ಮುಗಿಯಿತು.

ಅವನು ಮನೆ ಸೇರುವುದರೊಳಗೆ ಸುದ್ದಿ ಮನೋಹರನಿಂದ ಹೂಟಗಳ್ಳಿ ತಲುಪಿತ್ತು. ಬೀರಮ್ಮ ಬಿಸಿನೀರು ಕಾಯಿಸಿಟ್ಟುಕೊಂಡು ಕೂತಿದ್ದಳು.

"ಏಳು ಸಲ ಬಿದ್ರಂತಲ್ಲ?"

"ಬಿದ್ದೆ."

"ಟ್ರೇ?"

"ಬೀಳ್ಲಿಲ್ಲ."

ಅವಳು ಬಟ್ಟೆ ಅದ್ದಿ ಮಂಡಿಗೆ ಒತ್ತಿದಳು. ನಾಳೆ ಡೈರಿಯಲ್ಲಿ ಕೇಳಿದರೆ ಏನು ಹೇಳಲಿ ಎಂದಳು.

"ಎರಡನ್ನೂ ಯೋಳು" ಎಂದ ಮಹದೇವು.