ಕಾಡು ಬಿಟ್ಟು ಬಂದ ಗಂಡ ಹೆಂಡತಿ

ತೆಲಂಗಾಣದ ಗಡಿಯಾಚೆಯ ಕಾಡುಗಳಲ್ಲಿ ಪೊಲೀಸರಿಗೂ ಬಂದೂಕು ಹಿಡಿದ ದಳಗಳಿಗೂ ನಡೆಯುತ್ತಿದ್ದ ಕಾಳಗದ ಬಗ್ಗೆ ನಾನು ಹೈದರಾಬಾದಿನ ಪತ್ರಿಕೆಯೊಂದಕ್ಕೆ ವರದಿಗಾರ್ತಿಯಾಗಿ ವರ್ಷಗಟ್ಟಲೆ ಬರೆದಿದ್ದೇನೆ. ಸತ್ತವರ ಮನೆಗಳಿಗೆ ಹೋಗುವುದು ನನ್ನ ಪಾಲಿಗೆ ಬಂದ ಕೆಲಸ. ಪೇದೆಯ ಹೆಂಡತಿ, ದಳ ಸೇರಿದ ಹುಡುಗಿಯ ತಾಯಿ, ಇಬ್ಬರ ಗುಂಡಿನ ನಡುವೆ ಸಿಕ್ಕಿ ಸತ್ತ ಸೌದೆ ಆರಿಸುವವನ ತಮ್ಮ. ಎಲ್ಲರೂ ಚಹಾ ಕೊಡುತ್ತಿದ್ದರು. ಬದುಕಿ ಹೊರಗೆ ಬಂದ ಗಂಡ ಹೆಂಡತಿಯೊಬ್ಬರ ಮನೆಗೆ ಹೋಗಿದ್ದು ಮಾತ್ರ ಅದೇ ಮೊದಲು.

ಆ ಗಂಡ ಹೆಂಡತಿ ಹೈದರಾಬಾದಿನ ಮೆಹದಿಪಟ್ಟಣಂ ಬಸ್ ನಿಲ್ದಾಣದ ಹಿಂದಿನ ಕಾಲೊನಿಯಲ್ಲಿ ಒಂದು ಕೋಣೆ ಹಿಡಿದಿದ್ದರು. ದಳ ಬಿಟ್ಟು ಸರ್ಕಾರಕ್ಕೆ ಶರಣಾದವರು. ಆತ ತೆಲಂಗಾಣದವನು, ಶಾಲೆಯ ವ್ಯಾನ್ ಓಡಿಸುತ್ತಿದ್ದ. ನನ್ನ ಪ್ರಶ್ನೆಗಳಿಗೆ ತೆಲುಗಿನಲ್ಲಿ ತೂಗಿ ತೂಗಿ ಉತ್ತರ ಕೊಟ್ಟ. ಆಕೆ ಒಲೆಯ ಕಡೆ ಮುಖ ಮಾಡಿ ನಿಂತಿದ್ದಳು. ಅಷ್ಟರಲ್ಲಿ ಕಲಬುರಗಿಯಿಂದ ನನ್ನ ಅವ್ವನ ಫೋನ್ ಬಂತು. "ಕೆಲಸದಾಗ ಅದೀನಿ ಬೇ, ಆಮ್ಯಾಲೆ ಮಾಡ್ತೀನಿ" ಎಂದು ಇಟ್ಟೆ.

ಆಕೆ ಗಕ್ಕನೆ ತಿರುಗಿದಳು. "ನೀವು ನಮ್ಮ ಕಡ್ಯಾರೇನ್ರಿ?"

ರಾಯಚೂರು ಕಡೆಯ, ಕೃಷ್ಣೆಯ ದಂಡೆಯ ಊರಿನವಳು. ಹದಿಹರೆಯದಲ್ಲಿ ದಳದವರ ಹಾಡು ಕೇಳಿ ಹಿಂದೆ ಹೋದವಳು. ಅಲ್ಲಿ ಕನ್ನಡ ಆಡಲು ಯಾರೂ ಇರಲಿಲ್ಲ. ಈಗ ಕನ್ನಡದ ಮಾತು ನೆನಪಿಗೆ ಬಾರದೆ ತಡೆದು ನಿಂತರೆ ಕೈಯಲ್ಲಿ ಆಕಾರ ಬಿಡಿಸಿ ತೋರಿಸುತ್ತಿದ್ದಳು. ನಾನು ಯಾವುದೋ ಮಾತಿಗೆ "ಪಡಸಾಲಿ" ಎಂದಾಗ, "ಹ್ಞಾಂ, ಪಡಸಾಲಿ, ಪಡಸಾಲಿ" ಎಂದು ಅದನ್ನೇ ಬಾಯಲ್ಲಿ ಹೊರಳಿಸಿದಳು.

ಆಮೇಲೆ ಬಿಡುವಿದ್ದಾಗೆಲ್ಲ ಹೋದೆ. ಒಂದು ಮಧ್ಯಾಹ್ನ ಆಕೆಯೇ ಶುರು ಮಾಡಿದಳು. "ನಾವೂ ಕೊಂದೀವ್ರಿ. ಅದನ್ನ ಬಿಟ್ಟು ಬರೀಬ್ಯಾಡ್ರಿ. ರಸ್ತಾದಾಗ ಮದ್ದು ಹುಗದಾಗ ನಾನೂ ಇದ್ದೆ. ಪೊಲೀಸ್ರ ಜೀಪಿನಾಗ ಇದ್ದವ್ರ ಬುತ್ತಿ ಗಿಡದ ಬುಡಕ್ಕ ಹಾರಿ ಬಿದ್ದಿತ್ತು. ರೊಟ್ಟಿ, ಪುಂಡಿಪಲ್ಯ. ನಮ್ಮವ್ವ ಕಟ್ಟಿದಂಗ ಕಟ್ಟಿದ್ರು."

ದಳದಲ್ಲಿ ಮದುವೆಗೆ ಅಡ್ಡಿಯಿರಲಿಲ್ಲ, ಮಕ್ಕಳು ಆಗುವಂತಿರಲಿಲ್ಲ. ಮದುವೆಗೆ ಮುಂಚೆ ಗಂಡಸಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುತ್ತಿದ್ದರು. ಆಕೆಯ ಗಂಡನಿಗೂ ಕಾಡಿನಲ್ಲೇ, ತಾಡಪಾಲಿನ ಕೆಳಗೆ ಆಗಿತ್ತು. ಕತ್ತರಿಸಿದ್ದನ್ನು ಮತ್ತೆ ಜೋಡಿಸಬಹುದು ಎಂದು ಯಾರೋ ಹೇಳಿದ್ದರು. ಸಿಕಂದರಾಬಾದಿನ ಆಸ್ಪತ್ರೆಗೆ ಹೊರಟ ದಿನ ನನ್ನನ್ನೂ ಕರೆದರು. ಆತನನ್ನು ಶಸ್ತ್ರಚಿಕಿತ್ಸೆಗೆ ಒಳಗೆ ಕರೆದೊಯ್ದ ಮೇಲೆ ಆಕೆ ಕಾಯುವ ಕೋಣೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು, ಎರಡೂ ಬಾಗಿಲು ಕಾಣುವಂತೆ ಕೂತಳು. ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ ಎಂದು ವೈದ್ಯರು ಮೊದಲೇ ಹೇಳಿದ್ದರು.

"ಕೂಸು ದೊಡ್ಡದಾಗಿ ಕೇಳ್ತೈತಿ ಅಲ್ರೀ, ನೀವಿಬ್ರೂ ಎಲ್ಲಿದ್ರಿ ಅಂತ?" ಎಂದಳು. "ಏನ್ ಹೇಳ್ಬೇಕು?"

ಆ ಪ್ರಶ್ನೆಯನ್ನು ನನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ.

ಹೆಸರು, ಊರು ಹಾಕದೆ ಅವರ ಕಥೆ ಬರೆದೆ. ಜೀಪಿನ ಬುತ್ತಿಯನ್ನೂ ಬರೆದೆ. ಅದು ಅಚ್ಚಾದ ದಿನ ಬೆಳಿಗ್ಗೆ, ಹಿಂದೊಮ್ಮೆ ನಾನು ಮನೆಗೆ ಹೋಗಿದ್ದ ಪೇದೆಯ ಹೆಂಡತಿ ಫೋನ್ ಮಾಡಿದಳು. ಅವಳ ಗಂಡ ಸತ್ತದ್ದು ಬೇರೆ ಕಡೆ, ಬೇರೆ ದಳದ ಕೈಯಲ್ಲಿ. ತೆಲುಗಿನಲ್ಲಿ, ದನಿ ಏರಿಸದೆ ಹೇಳಿದಳು: "ಆ ತಾಯಿಗೆ ಮಗು ಬೇಕಂತೆ. ಬೇಡ ಅನ್ನೋಕೆ ನಾನ್ಯಾರು? ನನ್ನ ಮಗ ಸ್ಕೂಲಿಂದ ಬಂದು ಅವರಪ್ಪನ ಫೋಟೋದ ಮುಂದೆ ಕೂತು ಊಟ ಮಾಡ್ತಾನೆ."

"ನಿಮ್ಮ ಬಗ್ಗೆಯೂ ಬರೆದಿದ್ದೇನಲ್ಲಮ್ಮ" ಎಂದೆ.

"ಬೇರೆ ದಿನ ಬರೆದಿರಿ. ಇಬ್ಬರನ್ನೂ ಒಂದೇ ಕಡೆ ಬರೀರಿ" ಎಂದು ಫೋನ್ ಇಟ್ಟಳು. ಪತ್ರಿಕೆಯಲ್ಲಿ ಅದು ಆಗಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ.

ಮೆಹದಿಪಟ್ಟಣಂಗೆ ಹೋಗಿ ಆಕೆಗೂ ಇದನ್ನು ಹೇಳಿದೆ. "ಆಕೀ ಸಿಟ್ಟು ಖರೇ ಐತ್ರಿ" ಎಂದಳು, ಅಷ್ಟೇ.

ವೈದ್ಯರ ಅಂದಾಜು ಸುಳ್ಳಾಯಿತು. ಮರುವರ್ಷ ಆಕೆಗೆ ಹೆಣ್ಣು ಕೂಸು ಹುಟ್ಟಿತು. ಕೋಠಿ ಬಜಾರಿನಲ್ಲಿ ಕೂಸಿಗೆ ಒಂದು ಅಂಗಿ ಕೊಂಡು ನೋಡಲು ಹೋದೆ. ಆಕೆ ಬಾಣಂತಿಯ ರುಮಾಲು ಸುತ್ತಿಕೊಂಡು ನೆಲದ ಮೇಲೆ ಕೂತಿದ್ದಳು. ನಾವು ಮಾತಾಡುತ್ತಿದ್ದಂತೆ ಕೂಸು ಎದ್ದು ಚಿಟ್ಟನೆ ಚೀರಿತು. ಆಕೆಯ ಅಂಗೈ ತಟ್ಟನೆ ಹೋಗಿ ಅದರ ಬಾಯಿ ಮುಚ್ಚಿತು.

ಅರೆಗಳಿಗೆ. ಮರುಕ್ಷಣ ಕೈ ಕಿತ್ತುಕೊಂಡು ಆ ಕೈಯನ್ನೇ ದಿಟ್ಟಿಸಿದಳು.

"ಒಮ್ಮೆ ಒಂದು ಗುಡಿಸಲದಾಗ ಅಡಗಿದ್ವಿ" ಎಂದಳು. "ಹೊರಗ ಪೊಲೀಸ್ರು ಅಡ್ಡಾಡಾಕತ್ತಿದ್ರು. ಆ ಮನಿ ಹೆಣಮಗಳ ಕೂಸು ಅಳಾಕ ಹತ್ತಿತು. ನಾನೇ ಬಾಯಿ ಒತ್ತಿ ಹಿಡದೆ. ಅದು ಉಳೀತ್ರಿ, ದೇವ್ರ ಪುಣ್ಯ. ಆದ್ರ ಅದರವ್ವ ನನ್ನ ನೋಡಿದ್ದು..."

ಕೂಸು ಇನ್ನೂ ಜೋರಾಗಿ ಅಳುತ್ತಿತ್ತು. ಎತ್ತಿಕೊಳ್ಳಲು ನಾನು ಕೈ ಚಾಚಿದೆ. "ಅಳ್ಲಿ ಬಿಡ್ರಿ, ಒಂದೀಟು ಅಳ್ಲಿ" ಎಂದು ತಡೆದಳು. ಆಕೆಯ ಕಣ್ಣಿಂದಲೂ ನೀರು ಇಳಿಯುತ್ತಿತ್ತು.

ಕೂಸು ಯಾಕೆ ಅಳುತ್ತಿದೆ ಎಂದು ಪಕ್ಕದ ಮನೆಯ ಮುದುಕಿ ಹೊರಗಿನಿಂದ ಕೂಗಿದಳು. "ಕ್ಯಾ ಹುವಾ ಗೇ? ಬಚ್ಚೀ ಕಾಯ್ಕೂ ರೋರೀ?"

"ಕುಛ್ ನೈ ಅಮ್ಮಾ, ಭೂಕ್ ಲಗೀ", ಏನಿಲ್ಲ ಹಸಿವಾಗಿದೆ, ಎಂದು ಇವಳು ಒಳಗಿನಿಂದಲೇ, ಓಣಿಗೆಲ್ಲ ಕೇಳುವಷ್ಟು ದೊಡ್ಡ ದನಿಯಲ್ಲಿ ಉತ್ತರಿಸಿ, ಕೂಸನ್ನು ಎತ್ತಿ ಎದೆಗೆ ಹಾಕಿಕೊಂಡಳು.