ಅಮ್ಮ ಇಳಿಯದ ತಿರುವು

ಉಪ್ಪಾರಹಳ್ಳಿಯ ಬೀದಿಗಳಲ್ಲಿ ನಾವು ಬೇರಿಂಗ್ ಗಾಡಿ ಉರುಳಿಸಿಕೊಂಡು, ಚಡ್ಡಿ ಜೇಬು ಹರಿಯುವಷ್ಟು ಗೋಲಿ ತುಂಬಿಕೊಂಡು ಓಡಾಡುತ್ತಿದ್ದ ಕಾಲ ಅದು. ನಮ್ಮ ಮನೆ ಮುಂದೆ ಹಳೇ ಪೆಟ್ರೋಲ್ ಪಿಕಪ್ಪೊಂದು ನಿಂತಿರುತ್ತಿತ್ತು. ಅದರ ಹತ್ತಿರ ಹೋದರೆ ಮೂಗಿಗೆ ಮೊದಲು ಪೆಟ್ರೋಲ್ ವಾಸನೆ, ಆಮೇಲೆ ಹುದುಗು ಬಂದ ಇಡ್ಲಿ ಹಿಟ್ಟಿನ ಹುಳಿ ವಾಸನೆ. ಒಂದು ಅಪ್ಪನದು, ಇನ್ನೊಂದು ಅಮ್ಮನದು.

ಪ್ರತಿ ಶನಿವಾರ ಅಮ್ಮ ದೇವರಾಯನದುರ್ಗದ ಬೆಟ್ಟದ ಮೇಲೆ ತಟ್ಟೆ ಇಡ್ಲಿ ಮಾರುತ್ತಿದ್ದಳು. ಹಿಟ್ಟಿನ ಕ್ಯಾನು, ನೀರಿನ ಡ್ರಮ್ಮು, ಗ್ಯಾಸು, ಇಡ್ಲಿ ಪಾತ್ರೆ ಎಲ್ಲವನ್ನೂ ಪಿಕಪ್ಪಿಗೆ ಹೇರಿ ಅಪ್ಪ ಹತ್ತಿಸುತ್ತಿದ್ದ. ಹತ್ತಿಸುತ್ತಿದ್ದ ಅನ್ನುವುದು ಮರ್ಯಾದೆಯ ಮಾತು. ಮೇಲಿನಿಂದ ಎರಡನೇ ತಿರುವಿನಲ್ಲಿ ಗಾಡಿ ಉಸಿರು ಬಿಡುತ್ತಿತ್ತು. ಅಮ್ಮ, ನಾನು ಇಳಿದು ಕ್ಯಾನು, ಡ್ರಮ್ಮು ಎಲ್ಲವನ್ನೂ ರಸ್ತೆಗೆ ಇಳಿಸುತ್ತಿದ್ದೆವು. ಅಪ್ಪ ಖಾಲಿ ಗಾಡಿ ಮೇಲೆ ಒಯ್ದು ನಿಲ್ಲಿಸಿ ಬಂದರೆ, ಮೂವರೂ ಸಾಮಾನು ಹೊತ್ತುಕೊಂಡು ಹತ್ತುತ್ತಿದ್ದೆವು. ಅಷ್ಟರಲ್ಲಿ ಬೆಳಗಿನ ಪೂಜೆ ಮುಗಿಸಿದ ಭಕ್ತರು ಬೇರೆ ಕಡೆ ತಿಂಡಿ ತಿಂದು ಕೈ ತೊಳೆದಿರುತ್ತಿದ್ದರು.

ಒಂದು ಶನಿವಾರ ಅರ್ಧ ಹಿಟ್ಟು ಹಾಗೇ ವಾಪಸ್ಸು ಬಂತು. ಅಮ್ಮ ಜಗಲಿ ಮೇಲೆ ಕೂತು ಕಾಲು ನೀವಿಕೊಳ್ಳುತ್ತ ಹೇಳಿದಳು:

"ನೋಡ್ರೀ, ಬರೋ ಶನಿವಾರ ನಾನು ಆ ತಿರುವಲ್ಲಿ ಇಳಿಯಲ್ಲ. ಇಳಿಯೋ ಹಂಗಾದ್ರೆ ಭಾನುವಾರ ಈ ಗಾಡಿ ಗುಜರಿಗೆ. ಒಂದು ಆಟೋ ತಗೊಳಣ."

"ಗುಜರಿಗಾ? ನನ್ನ ಗಾಡೀನಾ?"

"ನಿಮ್ ಗಾಡಿ ಹತ್ತೋದು ನನ್ ಕಾಲಲ್ಲಿ ಕಣ್ರೀ."

ಅಪ್ಪ ಊಟ ಮಾಡಲಿಲ್ಲ. ಸೀದಾ ಗುಬ್ಬಿ ಗೇಟಿನ ಹತ್ತಿರ ಗ್ಯಾರೇಜಿನಲ್ಲಿದ್ದ ತಮ್ಮನ ಬಳಿಗೆ ಹೋದ. ಶಿವು ಚಿಕ್ಕಪ್ಪ ಮಾರನೇ ದಿನ ಚೀಲದಲ್ಲಿ ಬಸವನಹುಳುವಿನ ಆಕಾರದ ಕಬ್ಬಿಣವೊಂದನ್ನು ಹೊತ್ತು ತಂದ. ಯಾವುದೋ ಆಕ್ಸಿಡೆಂಟ್ ಆದ ಡೀಸೆಲ್ ಕಾರಿನ ಟರ್ಬೊ. ಸೈಲೆನ್ಸರಿಗೆ ಸುಮ್ಮನೆ ಹೋಗುವ ಹೊಗೆಯೇ ಅದರೊಳಗಿನ ಚಕ್ರ ತಿರುಗಿಸುತ್ತದೆ, ಆ ಚಕ್ರ ಇಂಜಿನ್ನಿಗೆ ಗಾಳಿ, ಪೆಟ್ರೋಲು ಎರಡನ್ನೂ ತುರುಕುತ್ತದೆ ಎಂದು ನನಗೆ ಊದಿ ತೋರಿಸಿದ. ಚಕ್ರ ಗಿರ್ರೆಂದಿತು. ವಾರವಿಡೀ ನಾನು ಗೋಲಿ ಮುಟ್ಟಲಿಲ್ಲ. ಪೈಪ್ ವೆಲ್ಡಿಂಗ್ ಆಯಿತು, ಟರ್ಬೊಗೆ ಇಂಜಿನ್ನಿನಿಂದ ಆಯಿಲ್ ಹೋಗಲು ಸಣ್ಣ ಕೊಳವೆ ಬಂತು. ಒತ್ತಡ ನೋಡಲು ಮೀಟರ್ ಬೇಕಿತ್ತು. ಯಾರೋ ಡಾಕ್ಟರು ಬಿಸಾಕಿದ್ದ ಮುಳ್ಳಿನ ಬಿ.ಪಿ. ಮೀಟರನ್ನು ಚಿಕ್ಕಪ್ಪ ಡ್ಯಾಶ್‌ಬೋರ್ಡಿಗೆ ಕಟ್ಟಿ, ಅಮ್ಮನ ನೇಲ್ ಪಾಲಿಶಿನಿಂದ ಅದರ ಮೇಲೆ ಕೆಂಪು ಗೆರೆ ಎಳೆದ.

"ಗಾಡಿಗೂ ಬಿ.ಪಿ. ಬಂತಾ? ಸವಾಸ ದೋಷ," ಅಂದಳು ಅಮ್ಮ.

"ಅತ್ತಿಗೆ, ನಗಬ್ಯಾಡಿ," ಅಂದ ಚಿಕ್ಕಪ್ಪ ನನ್ನ ಕಡೆ ತಿರುಗಿದ. "ಮಂಜಾ, ಅಪ್ಪಂಗೆ ರಸ್ತೆ ನೋಡೋದೇ ಆಯ್ತದೆ. ಮುಳ್ಳು ನೀನು ನೋಡ್ಬೇಕು. ಗೆರೆ ದಾಟಬಾರ್ದು. ಡಬ್ಬದಲ್ಲಿ ಗೋಲಿ ಆಡಿಸ್ದಂಗೆ ಇಂಜಿನ್ ಸದ್ದು ಮಾಡಿದ್ರೆ, ಎಕ್ಸಲೇಟರಿಂದ ಅಪ್ಪನ ಕಾಲು ಎತ್ತಿಸ್ಬುಡು. ಇಲ್ಲಾಂದ್ರೆ ಪಿಸ್ಟನ್ ಕರಗೋಯ್ತದೆ." ಆಮೇಲೆ ಅಪ್ಪನಿಗೆ: "ಅಣ್ಣಾ, ಮೇಲೆ ಹೋದ ತಕ್ಷಣ ಆಫ್ ಮಾಡ್ಬ್ಯಾಡ. ಟರ್ಬೊ ಕಾದು ಕೆಂಪಗಾಗಿರ್ತದೆ. ಒಂದೆರಡು ನಿಮಿಷ ಸುಮ್ನೆ ಓಡ್ಲಿ, ಆಯಿಲ್ ಹರಿದು ತಣ್ಣಗಾಗ್ಲಿ. ಆಫ್ ಮಾಡಿದ್ರೆ ಅಲ್ಲೇ ಬೆಂದೋಯ್ತದೆ."

ಅಪ್ಪ ಹೂಂ ಅಂದ. ನನಗೆ ನಂಬಿಕೆ ಬರಲಿಲ್ಲ. ಟೌನ್‌ಹಾಲ್ ಸರ್ಕಲ್ಲಿನ ಸಿಗ್ನಲ್ಲಿನಲ್ಲಿ, ರೈಲ್ವೆ ಗೇಟಿನಲ್ಲಿ, ಇಳಿಜಾರು ಕಂಡಲ್ಲೆಲ್ಲ ಇಂಜಿನ್ ಆಫ್ ಮಾಡುವ ಮನುಷ್ಯ ಅವನು. ನಿಂತ ಗಾಡಿಯಲ್ಲಿ ಪೆಟ್ರೋಲ್ ಉರಿಯುವುದೆಂದರೆ ಅವನಿಗೆ ಎದೆ ಉರಿ.

ಶನಿವಾರ ಬೆಳಗ್ಗೆ ಹೊರಟೆವು. ಅಮ್ಮ ಹಿಂದೆ ಕ್ಯಾನು ಅಪ್ಪಿಕೊಂಡು ಕೂತಳು. ನಾನು ಮುಂದೆ ಅಪ್ಪನ ಪಕ್ಕ. ಕಾಡು ದಾಟಿ ಏರು ಶುರುವಾದಾಗ ಟರ್ಬೊ ಶಿಳ್ಳೆ ಹೊಡೆಯತೊಡಗಿತು. ಮೊದಲ ತಿರುವುಗಳನ್ನು ಗಾಡಿ ಹಿಂದೆಂದೂ ಹತ್ತದ ಹಾಗೆ ಹತ್ತಿತು. ಅಪ್ಪನ ಮೀಸೆ ಅಲುಗಿತು, ನಗುವಿಲ್ಲ. ಬಿಸಿ ಆಯಿಲ್ ವಾಸನೆ ಕಾಲ ಬುಡದಿಂದ ಏರಿ ಬರುತ್ತಿತ್ತು. ನನ್ನ ಕಣ್ಣು ಮುಳ್ಳಿನ ಮೇಲೆ.

ಆ ತಿರುವು ಬಂತು.

ಮುಳ್ಳು ಗೆರೆ ಮುಟ್ಟಿ ದಾಟಿತು. ಅದರ ಹಿಂದೆಯೇ ಸದ್ದು. ಡಬ್ಬದಲ್ಲಿ ಗೋಲಿ.

"ಗೋಲಿ! ಅಪ್ಪಾ, ಗೋಲಿ!"

ಅಪ್ಪ ಕಾಲೆತ್ತಿದ. ಸದ್ದು ನಿಂತಿತು. ಜೊತೆಗೆ ಗಾಡಿಯೂ ನಿಲ್ಲತೊಡಗಿತು. ಅದರ ಮೈಯೆಲ್ಲ ಅದುರಿತು. ಹಿಂದಿನ ಗಾಜಿನಲ್ಲಿ ನೋಡಿದೆ. ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದು, ಒಂದು ಕಾಲನ್ನು ಆಗಲೇ ಹಿಂಬಾಗಿಲ ಮೇಲಿಟ್ಟಿದ್ದಳು.

"ಅಮ್ಮ ಇಳೀತಾವ್ಳೆ!"

"ಮುಳ್ಳು ನೋಡ್ಲಾ ನೀನು! ಹೇಳು!"

"ಕಮ್ಮಿ ಐತೆ. ತುಳಿ!" ಅಪ್ಪ ತುಳಿದ. "ಇನ್ನೂ ತುಳಿ. ಹತ್ರ ಬಂತು... ಗೆರೆ, ಗೆರೆ! ಬುಡು! ಸ್ವಲ್ಪ ಬುಡು. ಹಾಂ, ಹಂಗೇ ಇರ್ಲಿ. ಈಗ ತುಳಿ!"

ಅಪ್ಪನಿಗೆ ನಾನು ಅಪ್ಪಣೆ ಕೊಟ್ಟದ್ದು ಬದುಕಿನಲ್ಲಿ ಅದೊಂದೇ ಸಲ. ಅವನ ಕಾಲು ನನ್ನ ನಾಲಗೆಗೆ ಕಟ್ಟಿದ ಹಾಗೆ ಆಡಿತು. ಗಾಡಿ ಇರುವೆಯಂತೆ ತಿರುವಿನ ಅಂಚಿಗೆ ಬಂತು, ಒಂದು ಕ್ಷಣ ಯೋಚಿಸಿತು, ದಾಟಿತು. ಹಿಂದೆ ಡ್ರಮ್ಮಿನ ನೀರು ತುಳುಕಿತು. ತಿರುಗಿ ನೋಡಿದರೆ ಅಮ್ಮ ಕೂತಿದ್ದಳು.

ಮೇಲೆ ಬಂದು ನಿಂತಾಗ ಬೇರೆ ಅಂಗಡಿಯವರೆಲ್ಲ ನಮ್ಮನ್ನೇ ನೋಡುತ್ತಿದ್ದರು. ಗೆದ್ದ ಗತ್ತಿನಲ್ಲಿ ಅಪ್ಪನ ಕೈ ಅಭ್ಯಾಸದಂತೆ ಕೀಲಿಗೆ ಹೋಯಿತು.

"ಅಪ್ಪಾ! ಚಿಕ್ಕಪ್ಪ ಏನ್ ಹೇಳಿದ್ದ?"

ಕಾದ ಕಾವಲಿ ಮುಟ್ಟಿದವನ ಹಾಗೆ ಕೈ ಹಿಂದೆ ತಂದು, ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡ.

ಅಮ್ಮ ಇಳಿದು ಬಂದು ಕಿಟಕಿಯಲ್ಲಿ ಬಗ್ಗಿದಳು. "ಯಾಕ್ರೀ, ಆಫ್ ಮಾಡ್ಲಿಲ್ವಾ? ಪೆಟ್ರೋಲು?"

"ಉರೀಲಿ ಬುಡು. ಬಾ, ಕೂತ್ಕೊ."

ಅವನ ಬಾಯಲ್ಲಿ ಆ ಮಾತು ಕೇಳಿ ಅಮ್ಮ ಬೆಚ್ಚಿದಳು. ಬಾಗಿಲು ತೆಗೆದು ನನ್ನನ್ನು ಒತ್ತಿಕೊಂಡು ಕೂತಳು. ಇಂಜಿನ್ ಗುರ್ ಅನ್ನುತ್ತಿತ್ತು. ಬಾನೆಟ್ಟಿನ ಅಂಚಿನಲ್ಲಿ ಗಾಳಿ ಕಾದು ಕುಣಿಯುತ್ತಿತ್ತು. ಅಪ್ಪ ಏನೂ ಕೆಲಸ ಮಾಡದೆ ಸುಮ್ಮನೆ ಕೂತದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು.

"ನಾನ್ ಇಳೀಲಿಲ್ಲ," ಅಂದಳು ಅಮ್ಮ.

"ಕಾಲ್ ಇಟ್ಟಿದ್ಯಂತೆ?"

"ಇಟ್ಟಿದ್ದೆ. ಇಳೀಲಿಲ್ಲ."

"ಈಗಾದ್ರೂ ಇಳಿ. ಇಡ್ಲಿ ಯಾರು, ನಿಮ್ಮಪ್ಪ ಬೇಯಿಸ್ತಾನಾ?"

ಮೂವರೂ ನಕ್ಕೆವು. ಆದರೂ ಯಾರೂ ಇಳಿಯಲಿಲ್ಲ.

ಆ ಟರ್ಬೊ ಬಹಳ ದಿನ ದುಡಿಯಿತು. ಪ್ರತಿ ಶನಿವಾರ ಬೆಟ್ಟದ ಮೇಲೆ ನಮಗೆ ಆ ಒಂದೆರಡು ನಿಮಿಷ ಸಿಕ್ಕೇ ಸಿಗುತ್ತಿತ್ತು. ಏಳನೇ ಕ್ಲಾಸಿಗೆ ನಾನು ಶಾಲೆ ಬಿಟ್ಟು ಚಿಕ್ಕಪ್ಪನ ಗ್ಯಾರೇಜು ಸೇರಿದೆ. ಇವತ್ತು ಕುಣಿಗಲ್ ರಸ್ತೆಯಲ್ಲಿ ನನ್ನದೇ ಶೆಡ್ಡಿದೆ, ನನ್ನ ಕೈಯಿಂದಲೇ ಕಟ್ಟಿದ್ದು. ಪಿಕಪ್ಪು ಕೊನೆಗೆ ಗುಜರಿಗೇ ಹೋಯಿತು. ಅಪ್ಪನೂ ಈಗಿಲ್ಲ.

ಮೊನ್ನೆ ಶನಿವಾರ ಹೊಸ ಕಾರಿನಲ್ಲಿ ಅಮ್ಮನನ್ನು ದುರ್ಗಕ್ಕೆ ಕರೆದೊಯ್ದೆ. ಅದರೊಳಗೂ ಟರ್ಬೊ ಇದೆ, ಶಿಳ್ಳೆ ಕೇಳುವುದಿಲ್ಲ. ಹಿಂದಿನ ಸೀಟಿನಲ್ಲಿ ನನ್ನ ಮಗ ನಿದ್ದೆ ಮಾಡುತ್ತಿದ್ದ. ಆ ತಿರುವು ಬಂದದ್ದೂ ಹೋದದ್ದೂ ಅವನಿಗೆ ತಿಳಿಯಲಿಲ್ಲ. ಮೇಲೆ ನಿಲ್ಲಿಸಿ ಬ್ರೇಕ್ ಒತ್ತಿ ಹಿಡಿದೆ. ಇಂಜಿನ್ ತಾನಾಗಿಯೇ ಆಫಾಯಿತು. ಈಗಿನ ಗಾಡಿಗಳು ಪೆಟ್ರೋಲ್ ಉಳಿಸಲು ಹಾಗೆ ಮಾಡುತ್ತವೆ. ಅಪ್ಪನ ಅಭ್ಯಾಸವನ್ನು ಅವಕ್ಕೆ ಯಾರು ಕಲಿಸಿದರೋ.

"ಯಾಕ್ಲಾ ಮಂಜಾ, ಆಫ್ ಮಾಡ್ದೆ?" ಅಮ್ಮ ಗದರಿದಳು.

"ನಾನಲ್ಲಮ್ಮ, ಅದೇ ಆಯ್ತು. ಇದಕ್ಕೆ ಕಾಯೋದು ಬೇಕಿಲ್ಲ."

ಬಾನೆಟ್ ಮೇಲೆ ಕೋತಿಯೊಂದು ಬಂದು ಕೂತಿತು. ಬಾಗಿಲು ತೆರೆದುಕೊಟ್ಟೆ. ಅಮ್ಮ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಎದುರಿಗೆ ನೋಡುತ್ತ ಕೂತಿದ್ದಳು. ಇಳಿಯಲಿಲ್ಲ.